ಒಮ್ಮೆ ಚಾಲೂ, ಒಮ್ಮೆ ಬಂದ್: ಹೊಸ ಕಾರಿನ ಹಟ

ಉದಗೀರ: ಬೀದರಿನ ದವಾಖಾನೆಗೆ ಹೊರಟು ನಿಂತಾಗ ಕಾರು ಚಾಲೂ ಆಗದಿದ್ದರೆ ಮನೆಮಂದಿಯ ಜೀವ ಬಾಯಿಗೆ ಬರುತ್ತದೆ. ಗ್ಯಾರೇಜಿಗೆ ಎಳೆದೊಯ್ದರೆ ಅಲ್ಲಿ ಥಟ್ಟನೆ ಚಾಲೂ! ‘ಏನೂ ಆಗಿಲ್ರೀ’ ಎಂಬ ಉತ್ತರ ಬೇರೆ.

ಚಾವಿ ಚಿತ್ರದ ದೀಪ ಮಿಣುಕುತ್ತಿದ್ದರೆ ಚಾವಿಯೊಳಗಿನ ಚಿಪ್ ಮೇಲೆ ಸಂಶಯಪಡಬೇಕು. ಎರಡನೇ ಚಾವಿ ಹಚ್ಚಿ ನೋಡಿ. ಬರೀ ‘ಕಟ್ ಕಟ್’ ಸಪ್ಪಳವಾದರೆ ಮೊದಲು ಬ್ಯಾಟರಿ, ಅದರ ಟರ್ಮಿನಲ್ ನೋಡಬೇಕು. ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ.

ಎಲ್ಲರಿಗೂ ಚಳ್ಳೆಹಣ್ಣು ತಿನ್ನಿಸುವುದು ಮಾತ್ರ ಕ್ರ್ಯಾಂಕ್ ಸೆನ್ಸರ್. ಕೆಡಲು ಹತ್ತಿದ ಸೆನ್ಸರ್ ಇಂಜಿನ್ ಕಾದಾಗ ಕೈಕೊಡುತ್ತದೆ, ಆರಿದ ಮೇಲೆ ಸರಿಯಾಗುತ್ತದೆ. ಎಳೆದೊಯ್ಯುವಷ್ಟರಲ್ಲಿ ಇಂಜಿನ್ ಆರಿರುತ್ತದೆ, ಪಾಪ, ಮಿಸ್ತ್ರಿಗೆ ದೋಷ ಸಿಗುವುದೆಲ್ಲಿ?

ಹಾಗಾಗಿ ಬಂದ್ ಬಿದ್ದ ಹೊತ್ತು, ಬಿಸಿಯೋ ತಂಪೋ, ಯಾವ ದೀಪ ಉರಿಯಿತು ಎಂಬುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿ. ಸ್ಕ್ಯಾನರ್ ಹಚ್ಚದೆ ಪಾರ್ಟ್ ಬದಲಿಸಲು ಒಪ್ಪಬೇಡಿ. ರೋಗಿ ಇದ್ದರೆ ಕಾರಿನ ದಾರಿ ಕಾಯದೆ 108ಕ್ಕೆ ಕರೆ ಮಾಡಿ. ಗಡಿಯ ಎರಡೂ ಕಡೆ ಅದೇ ನಂಬರ್.