ಎರಡು ಗಂಟೆಯ ಲೆಕ್ಕ

ಹಳೆಯ ಸಂತೆದಾರಿಗಳ ಬದಿಯಲ್ಲಿ ಆಳೆತ್ತರದ ಎರಡು ಕಲ್ಲು ನೆಟ್ಟು, ಅವುಗಳ ಮೇಲೊಂದು ಚಪ್ಪಡಿ ಅಡ್ಡ ಹಾಸಿರುವುದನ್ನು ಹಳ್ಳಿಗಾಡಿನಲ್ಲಿ ಓಡಾಡಿದವರು ನೋಡಿರುತ್ತಾರೆ. ಅದು ಹೊರೆಗಲ್ಲು. ತಲೆಹೊರೆ ಹೊತ್ತವರು ಇನ್ನೊಬ್ಬರ ನೆರವಿಲ್ಲದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಲು ಮಾಡಿದ ಏರ್ಪಾಡು. ತಮಿಳು ಸೀಮೆಯಲ್ಲಿ ಇದಕ್ಕೆ ‘ಸುಮೈತಾಂಗಿ’ ಎನ್ನುತ್ತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣಿನ ನೆನಪಿಗೆ ಮನೆಯವರು ಇಂಥ ಕಲ್ಲು ನಿಲ್ಲಿಸುವ ರೂಢಿ ಅಲ್ಲಿತ್ತು. ಇಳಿಸಲಾಗದ ಹೊರೆಯೊಂದಿಗೆ ಹೋದ ಜೀವಕ್ಕೆ, ದಾರಿಹೋಕರ ಹೊರೆ ಇಳಿದಾಗಲಾದರೂ ಹಗುರವಾಗಲಿ ಎಂಬುದು ಅದರ ಹಿಂದಿನ ನಂಬಿಕೆ.

ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮ ಇತಿಹಾಸದ ಪುಸ್ತಕಗಳಲ್ಲಿ ಇನ್ನೊಂದು ಬಗೆಯ ಕಲ್ಲಿನಿಂದ ಹೆಸರಾಗಿದೆ. ವಿಜಯನಗರದ ಬುಕ್ಕರಾಯ 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ರಾಜಿ ಮಾಡಿಸಿದ ಸಂಗತಿಯನ್ನು ಹೇಳುವ ಶಾಸನ ಇಲ್ಲಿದೆ; ಅದೇ ತೀರ್ಪು ಶ್ರವಣಬೆಳಗೊಳದ ಶಾಸನದಲ್ಲೂ ಇದೆ. ಶಾಸನಗಳು ದೊರೆಗಳ ತೀರ್ಪನ್ನು, ದಾನದತ್ತಿಗಳನ್ನು, ಕಾಳಗದಲ್ಲಿ ಮಡಿದವರನ್ನು ನೆನಪಿಟ್ಟುಕೊಂಡಿವೆ. ಹೆರಿಗೆಯಲ್ಲಿ ಎಷ್ಟು ಹೆಣ್ಣುಮಕ್ಕಳು ತೀರಿಕೊಂಡರು ಎಂಬ ಲೆಕ್ಕವನ್ನು ಯಾವ ದೊರೆಯೂ ಕೆತ್ತಿಸಲಿಲ್ಲ. ‘ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು’ ಎಂಬ ಆಡುಮಾತಿನಲ್ಲಷ್ಟೇ ಅದು ಉಳಿದುಕೊಂಡಿತು.

ಆ ಲೆಕ್ಕ ಶುರುವಾದದ್ದು ಈಚೆಗೆ. ಬಸುರಿನ ಅವಧಿಯಲ್ಲಿ ಅಥವಾ ಅದು ಮುಗಿದ 42 ದಿನಗಳೊಳಗೆ, ಬಸುರಿಗೆ ಸಂಬಂಧಿಸಿದ ಕಾರಣದಿಂದ ಸಂಭವಿಸುವ ಸಾವನ್ನು ತಾಯಿಮರಣ ಎನ್ನುತ್ತಾರೆ. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2001–03ರಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಇದು 69ಕ್ಕೆ ಇಳಿದಿತ್ತು. ಸಾಧನೆ ಸಣ್ಣದಲ್ಲ. ಆದರೆ ಅದೇ ಅವಧಿಯಲ್ಲಿ ನೆರೆಯ ಕೇರಳದ ಸಂಖ್ಯೆ 19. ಅಂದರೆ ಇಳಿಯಬೇಕಾದ ದೂರ ಇನ್ನೂ ಉಳಿದಿದೆ.

ಈ ಉಳಿದ ದೂರವನ್ನು ಅರಿಯಲು ಗಡಿಯಾರದತ್ತ ನೋಡಬೇಕು. ಹೆರಿಗೆಯ ತೊಂದರೆಗಳು ಚಿಕಿತ್ಸೆ ಸಿಗದಿದ್ದರೆ ಸಾವಿಗೆ ದಾರಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ವೈದ್ಯಲೋಕ ಬಳಸುವ ಒಂದು ಸರಾಸರಿ ಲೆಕ್ಕವಿದೆ. ಗರ್ಭಕೋಶದ ನಂಜಿಗೆ ಸುಮಾರು 6 ದಿನ. ಮಗು ಅಡ್ಡವಾಗಿ ಅಥವಾ ಸಿಕ್ಕಿಕೊಂಡು ಹೆರಿಗೆ ನಿಂತರೆ 3 ದಿನ. ರಕ್ತದೊತ್ತಡ ಏರಿ ಬರುವ ಫಿಟ್ಸ್‌ಗೆ 2 ದಿನ. ಗರ್ಭಕೋಶ ಒಡೆದರೆ 1 ದಿನ. ಹೆರಿಗೆಗೆ ಮುನ್ನ ರಕ್ತಸ್ರಾವವಾದರೆ 12 ಗಂಟೆ. ಹೆರಿಗೆಯಾದ ಮೇಲೆ ರಕ್ತಸ್ರಾವವಾದರೆ ಕೇವಲ 2 ಗಂಟೆ.

ಈ ಕೊನೆಯ ಅಂಕಿಯ ಹಿಂದೆ ಶರೀರದ ಸರಳ ಲೆಕ್ಕವಿದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಕೂಡಲೇ ಗರ್ಭಕೋಶದ ಸ್ನಾಯುಗಳು ಮುಷ್ಟಿಯಂತೆ ಬಿಗಿದು, ತೆರೆದ ರಕ್ತನಾಳಗಳ ಬಾಯಿ ಮುಚ್ಚಬೇಕು. ಮುಷ್ಟಿ ಬಿಗಿಯದಿದ್ದರೆ ನಲ್ಲಿ ತೆರೆದಿಟ್ಟಂತೆ. ಮೊದಲೇ ರಕ್ತಹೀನತೆ ಇದ್ದವಳಿಗೆ ಎರಡು ಗಂಟೆಯೂ ಸಿಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಬಸುರಿಯರಲ್ಲಿ ನೂರಕ್ಕೆ ಸುಮಾರು 46 ಮಂದಿ ರಕ್ತಹೀನತೆಯವರೆಂದು ಕಂಡುಬಂದಿತ್ತು.

ಈಗ ಈ ಎರಡು ಗಂಟೆಯನ್ನು ಕಲ್ಯದಂಥ ಊರಿನ ಮೇಲಿಟ್ಟು ನೋಡಬಹುದು. ಹತ್ತಿರದ ಪಟ್ಟಣ ಮಾಗಡಿ. ಅಲ್ಲಿ ತಾಲ್ಲೂಕು ಆಸ್ಪತ್ರೆ. ಅದರಾಚೆಗೆ ರಾಮನಗರದ ಜಿಲ್ಲಾ ಆಸ್ಪತ್ರೆ. ಅಲ್ಲೂ ಆಗದಿದ್ದರೆ ಬೆಂಗಳೂರಿನ ವಾಣಿವಿಲಾಸ. 1935ರಿಂದ ಹಳೇ ಮೈಸೂರಿನ ಹಳ್ಳಿಗಳ ಕಷ್ಟದ ಹೆರಿಗೆಗಳೆಲ್ಲ ಕೊನೆಗೆ ಬಂದು ಸೇರುವ ಜಾಗ. ಮಾಗಡಿಯಿಂದ ಬೆಂಗಳೂರಿಗೆ ಸುಮಾರು 50 ಕಿ.ಮೀ. ಹೇಗೂ ಬೆಂಗಳೂರು ಹತ್ತಿರವೇ ಇದೆಯಲ್ಲ ಎಂಬ ಮಾತು ಈ ಭಾಗದಲ್ಲಿ ಸಹಜ. ಆದರೆ ಮನೆಯವರು ನಿರ್ಧರಿಸಲು ಅರ್ಧ ಗಂಟೆ, ವಾಹನ ಬರಲು ಅರ್ಧ ಗಂಟೆ, ಮೊದಲ ಆಸ್ಪತ್ರೆಯಲ್ಲಿ ನೋಡಿ ಚೀಟಿ ಬರೆದು ಮುಂದೆ ಕಳಿಸಲು ಅರ್ಧ ಗಂಟೆ ಹಿಡಿದರೆ, ನಗರದ ವಾಹನ ದಟ್ಟಣೆಗೆ ಉಳಿಯುವುದು ಅರ್ಧ ಗಂಟೆ ಮಾತ್ರ.

ಇದನ್ನೇ 1994ರಲ್ಲಿ ಸೆರೀನ್ ಥಡೇಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕಿಯರು ‘ಮೂರು ವಿಳಂಬ’ಗಳೆಂದು ವಿಂಗಡಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವಲ್ಲಿ ಆಗುವ ತಡ ಮೊದಲನೆಯದು. ದಾರಿಯಲ್ಲಿ ಆಗುವ ತಡ ಎರಡನೆಯದು. ಆಸ್ಪತ್ರೆ ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವಲ್ಲಿ ಆಗುವ ತಡ ಮೂರನೆಯದು.

ಮೊದಲೆರಡು ತಡಗಳನ್ನು ಕರ್ನಾಟಕ ಬಹುಮಟ್ಟಿಗೆ ತಗ್ಗಿಸಿದೆ. 2005–06ರಲ್ಲಿ ನೂರರಲ್ಲಿ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದರೆ, 2019–21ರಲ್ಲಿ 97 ಆದವು. ಜನನಿ ಸುರಕ್ಷಾ ಯೋಜನೆ, ಮಡಿಲು ಕಿಟ್, 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು, ಬಸುರಿಯ ವಿವರವೆಲ್ಲ ಬರೆದಿಡುವ ತಾಯಿ ಕಾರ್ಡು—ಇವೆಲ್ಲ ಸೇರಿ ಈ ಬದಲಾವಣೆ ತಂದವು. ಇದಕ್ಕೆ ಮುಂಚೆ ಹಳ್ಳಿಯ ಹೆರಿಗೆಯ ಭಾರವೆಲ್ಲ ಸೂಲಗಿತ್ತಿಯರ ಮೇಲಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ನಿಧನರಾದರು. ಅಂಥವರ ಕೈಗುಣ ಸುಳ್ಳಲ್ಲ. ಆದರೆ ನುರಿತ ಕೈಯೂ ರಕ್ತವನ್ನು ಒದಗಿಸಲಾರದು, ಹೊಟ್ಟೆ ಕೊಯ್ದು ಮಗು ತೆಗೆಯಲಾರದು.

ಒಂದು ಸಂಪ್ರದಾಯದ ಪರಿಣಾಮವನ್ನೂ ಇಲ್ಲಿ ಗಮನಿಸಬೇಕು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ನಮ್ಮ ಪದ್ಧತಿ. ತಾಯಿಯ ಆರೈಕೆ ಸಿಗುತ್ತದೆ ಎಂಬುದು ನಿಜ. ಆದರೆ ಎಂಟು ತಿಂಗಳು ಅವಳ ರಕ್ತದೊತ್ತಡ ಬರೆದುಕೊಂಡ ಆರೋಗ್ಯ ಸಹಾಯಕಿ ಗಂಡನ ಊರಿನಲ್ಲಿರುತ್ತಾಳೆ. ಹೆರಿಗೆ ಮಾಡಿಸುವವರು ಅವಳನ್ನು ಮೊದಲ ಸಲ ನೋಡುತ್ತಾರೆ. ಹೀಗಾಗಿ ಸೀರೆ ಗಂಟಿನೊಡನೆ ತಾಯಿ ಕಾರ್ಡೂ ತವರಿಗೆ ಹೋಗಬೇಕು. ಹಾಗೆಯೇ ಬಾಣಂತಿಗೆ ನೀರು ಕೊಡಬಾರದು, ಜ್ವರ ಬಂದರೆ ಶೀತದ ಬಾಧೆ ಎಂಬ ಮಾತುಗಳು. ಹೆರಿಗೆಯ ನಂತರದ ಜ್ವರ ನಂಜಿನ ಸೂಚನೆಯಾಗಿರಬಹುದು. ವೈದ್ಯರು ಕೈ ತೊಳೆದುಕೊಂಡರೆ ಈ ಸಾವು ತಪ್ಪುತ್ತದೆಂದು ವಿಯೆನ್ನಾದ ಸೆಮ್ಮೆಲ್‌ವೈಸ್ 1847ರಲ್ಲೇ ತೋರಿಸಿಕೊಟ್ಟಿದ್ದ.

ಉಳಿದಿರುವುದು ಮೂರನೆಯ ತಡ. ಹೆರಿಗೆಗಳು ಆಸ್ಪತ್ರೆಗೆ ಬಂದ ಮೇಲೆ ಪ್ರಶ್ನೆಯೂ ಆಸ್ಪತ್ರೆಯೊಳಕ್ಕೆ ಬಂದಿದೆ. ತುರ್ತು ಹೆರಿಗೆ ಆರೈಕೆ ಎಂದರೆ ದೊಡ್ಡ ಕಟ್ಟಡವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳು 2009ರ ಕೈಪಿಡಿಯಲ್ಲಿ ಅದನ್ನು ಒಂಬತ್ತು ಕೆಲಸಗಳಾಗಿ ಪಟ್ಟಿ ಮಾಡಿವೆ. ನಂಜಿಗೆ ಪ್ರತಿಜೀವಕ ಕೊಡುವುದು, ಗರ್ಭಕೋಶ ಬಿಗಿಯುವ ಔಷಧ ಕೊಡುವುದು, ಫಿಟ್ಸ್‌ಗೆ ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು, ಅಂಟಿಕೊಂಡ ಮಾಸನ್ನು ಕೈಯಿಂದ ತೆಗೆಯುವುದು, ಒಳಗುಳಿದ ಚೂರುಗಳನ್ನು ತೆಗೆಯುವುದು, ಉಪಕರಣದ ನೆರವಿನ ಹೆರಿಗೆ, ಉಸಿರಾಡದ ಶಿಶುವಿಗೆ ಉಸಿರು ಕೊಡುವುದು—ಈ ಏಳು ಮೂಲಭೂತ ಹಂತ. ಸಿಸೇರಿಯನ್ ಮತ್ತು ರಕ್ತಪೂರಣ ಸೇರಿದರೆ ಸಮಗ್ರ ಹಂತ. ಐದು ಲಕ್ಷ ಜನಸಂಖ್ಯೆಗೆ ಇಂಥ ಐದು ಕೇಂದ್ರಗಳಿರಬೇಕು, ಅವುಗಳಲ್ಲಿ ಒಂದಾದರೂ ಸಮಗ್ರ ಕೇಂದ್ರವಾಗಿರಬೇಕು ಎಂಬುದು ಅಳತೆಗೋಲು.

ಇದಕ್ಕೂ ಮೇಲಿನದು ಬಸುರಿ-ಬಾಣಂತಿಯರಿಗಾಗಿಯೇ ಮೀಸಲಾದ ನಿಗಾ ಘಟಕ. ಕೇಂದ್ರ ಸರಕಾರ 2016ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ವೆಂಟಿಲೇಟರ್ ಬೇಕಾಗದ, ಆದರೆ ಕ್ಷಣಕ್ಷಣವೂ ಕಣ್ಣಿಡಬೇಕಾದವರಿಗೆ ಎಚ್‌ಡಿಯು. ಅಂಗಾಂಗಗಳು ಸೋಲುತ್ತಿರುವವರಿಗೆ ಐಸಿಯು. ಎಲ್ಲರಿಗೂ ಇರುವ ಐಸಿಯು ಸಾಲದೇ ಎಂದು ಕೇಳಬಹುದು. ಬಸುರಿಯ ಶರೀರದ ನಡೆ ಬೇರೆ ಎಂಬುದೇ ಇದಕ್ಕೆ ಉತ್ತರ. ಅವಳಲ್ಲಿ ರಕ್ತದ ಪ್ರಮಾಣ ಶೇಕಡ 40ರಷ್ಟು ಹೆಚ್ಚಿರುತ್ತದೆ, ನಾಡಿ ಸಹಜವಾಗಿಯೇ ತುಸು ವೇಗವಾಗಿರುತ್ತದೆ. ಹಾಗಾಗಿ ಒಂದು ಲೀಟರು ರಕ್ತ ಹೋದರೂ ರಕ್ತದೊತ್ತಡ ಸರಿಯಾಗಿಯೇ ತೋರಬಹುದು. ಮಾತಾಡುತ್ತಿದ್ದವಳು ಹಠಾತ್ತನೆ ಕುಸಿಯುತ್ತಾಳೆ. ಅಂಗಾತ ಮಲಗಿಸಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಅದುಮುವುದರಿಂದ ಎಡಕ್ಕೆ ವಾಲಿಸಬೇಕೆಂಬುದೂ ಬಲ್ಲವರಿಗಷ್ಟೇ ಹೊಳೆಯುತ್ತದೆ. ನಿಗಾ ಘಟಕದ ಜೀವಾಳ ಯಂತ್ರವಲ್ಲ, ಪಕ್ಕದಲ್ಲಿ ನಿಂತು ನಾಡಿ, ಉಸಿರು, ಮೂತ್ರದ ಪ್ರಮಾಣವನ್ನು ಬರೆದುಕೊಳ್ಳುವ ತರಬೇತಿ ಪಡೆದ ನರ್ಸ್.

ಹೋದ ರಕ್ತವನ್ನು ಅಳೆಯುವುದರಲ್ಲಿ ಕನ್ನಡ ನಾಡಿನದೇ ಒಂದು ಕೊಡುಗೆ ಇದೆ. ಬಟ್ಟೆ ಒದ್ದೆಯಾದದ್ದನ್ನು ನೋಡಿ ಅಂದಾಜು ಮಾಡುವುದು ಹಿಂದಿನ ಕ್ರಮ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ, ಗೆರೆ ಹಾಕಿದ ಚೀಲವಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಕಣ್ಣಂದಾಜು ಈ ಅಳತೆಗಿಂತ ಮೂರನೇ ಒಂದರಷ್ಟು ಕಡಿಮೆ ಇರುತ್ತದೆಂದು ಆಗ ತಿಳಿಯಿತು. ಅದೇ ತಂಡ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರೋಗ್ಯ ಸಹಾಯಕಿ ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವ ಶೇಕಡ 12ರಿಂದ 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 500 ಮಿ.ಲೀ. ತನಕ ಕಾಯುವ ಬದಲು, ನಾಡಿ-ಒತ್ತಡದಲ್ಲಿ ಏರುಪೇರಿದ್ದರೆ 300 ಮಿ.ಲೀ. ರಕ್ತ ಹೋದಾಗಲೇ ಚಿಕಿತ್ಸೆಗೆ ಇಳಿಯಬೇಕೆಂದು ಅದೇ ಸಂಸ್ಥೆ 2025ರಲ್ಲಿ ಸೂಚಿಸಿದೆ.

ಆದರೂ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ರಾಜ್ಯ 2024ರ ನವೆಂಬರಿನಲ್ಲಿ ಕಂಡಿತು. ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಸತ್ತರು. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಶಂಕೆ ಬಿದ್ದು, ಸರಕಾರ ಅದರ ಬಳಕೆ ನಿಲ್ಲಿಸಿತು. ಆ ಬಳಿಕ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಿಮರಣಗಳ ಪರಿಶೀಲನೆ ನಡೆದಾಗ, ಶೇಕಡ 70ರಷ್ಟು ಸಾವುಗಳನ್ನು ತಡೆಯಬಹುದಿತ್ತು ಎಂಬ ಅಂಶ ಹೊರಬಂತು. ಆಸ್ಪತ್ರೆ ತಲುಪಿದರೆ ಬದುಕಿದಂತೆ ಎಂದು ನಂಬಿ ಬಂದ ಮನೆಗಳಿಗೆ ಈ ಮಾತು ಸಮಾಧಾನ ತರುವಂಥದ್ದಲ್ಲ.

ಮನೆಯವರ ಕೈಲಾದದ್ದೂ ಇದೆ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದುವುದು, ಯಾವಾಗಲೇ ಆದರೂ ರಕ್ತ ಕಾಣುವುದು, ಜ್ವರ, ಮಗುವಿನ ಮಿಸುಕಾಟ ಕಡಿಮೆಯಾಗುವುದು—ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ರಕ್ತದ ಗುಂಪು ಯಾವುದು, ಕೊಡುವವರು ಯಾರು ಎಂಬುದು ಸೀಮಂತದ ಹೊತ್ತಿಗೇ ಗೊತ್ತಿರಬೇಕು. ಹೆರಿಗೆ ಸಲೀಸಾಯಿತು ಎಂದು ಮೊದಲ ದಿನವೇ ಮನೆಗೆ ಹೊರಡುವ ಆತುರವೂ ತರವಲ್ಲ. ಅತಿ ಅಪಾಯದ ಹೊತ್ತು ಆ 24 ಗಂಟೆಯೇ.

ಉಳಿದ ಹೊಣೆ ಸರಕಾರದ್ದು. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ಈ ಜಿಲ್ಲೆಗೆ ಹೊಸ ಹೆಸರಿನ ಫಲಕ ಬಂದ ಮಾತ್ರಕ್ಕೆ ಕಲ್ಯದ ಬಸುರಿಗೆ ಆಸ್ಪತ್ರೆ ಹತ್ತಿರವಾಗುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹಗಲಿನ ಹತ್ತು ಗಂಟೆಗೆ ಇರುವ ಸ್ತ್ರೀರೋಗ ತಜ್ಞೆ, ಅರಿವಳಿಕೆ ವೈದ್ಯ, ಶೈತ್ಯಪೆಟ್ಟಿಗೆಯಲ್ಲಿನ ರಕ್ತ ರಾತ್ರಿ ಎರಡಕ್ಕೂ ಇರಬೇಕು. ಹೆರಿಗೆ ನೋವು ಕಚೇರಿ ವೇಳೆ ನೋಡಿ ಬರುವುದಿಲ್ಲ.