ಮುರಕಲ್ಲಿಗೆ ಹಲಸಿನ ಬೆಣೆ

ಗಲ್ಫಿನಿಂದ ಬರುವ ಚಾಕಲೇಟಿನ ತಗಡಿನ ಡಬ್ಬಗಳಿಗೆ ಕರಾವಳಿಯ ಮನೆಗಳಲ್ಲಿ ಎರಡನೆಯ ಜನ್ಮ ಇದ್ದೇ ಇರುತ್ತದೆ. ಸೂಜಿ-ನೂಲು, ರೇಷನ್ ಕಾರ್ಡು, ಇಲ್ಲವೇ ಮಳೆಗಾಲಕ್ಕೆಂದು ಒಣಗಿಸಿಟ್ಟ ಸಾಂತಾಣಿ. ಕಟಪಾಡಿಯಿಂದ ಪಡುವಣಕ್ಕೆ, ಮಟ್ಟುವಿನ ಕಡಲ ಬದಿಯ ಮನೆಯೊಂದರ ಜಗಲಿಯಲ್ಲಿ ಕಳೆದ ಏಪ್ರಿಲ್‌ನಲ್ಲಿ ನಾನು ನೋಡಿದ ಡಬ್ಬದಲ್ಲಿ ಇದ್ದದ್ದು ಮರದ ಬೆಣೆಗಳು. ಹಲಸಿನ ಚೇಗಿನಲ್ಲಿ ಕೆತ್ತಿದವು, ಗೇರುಸಿಪ್ಪೆಯ ಎಣ್ಣೆ ಕುಡಿದು ಕಪ್ಪಾದವು, ಒಂದೊಂದೂ ಕಿರುಬೆರಳಿನಷ್ಟು. ಡಬ್ಬದ ಪಕ್ಕದಲ್ಲೇ ಹೊಸ ಡ್ರಿಲ್ ಮೆಷಿನ್ ಮಲಗಿತ್ತು.

ಡಬ್ಬದ ಒಡೆಯರು ಕಿಟಕಿಗೆ ಬ್ಲೈಂಡ್ಸ್ ಕೂರಿಸುವವರು. ವಯಸ್ಸು ಅರವತ್ತು ದಾಟಿದೆ. ಮಸ್ಕತ್ತಿನಲ್ಲಿ ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿ ಊರಿಗೆ ಮರಳಿದ್ದಾರೆ. "ಹೆಸರು ಮಾತ್ರ ಹಾಕ್ಬೇಡಿ ಮಾರಾಯ್ರೆ, ಆಮೇಲೆ ಫೋನಿಗೆ ಉತ್ತರ ಕೊಡುದೇ ಒಂದು ಕೆಲಸ ಆಗ್ತದೆ" ಎಂದರು. ಆ ಮನೆಯ ಯಜಮಾನಿ, ನಿವೃತ್ತ ಟೀಚರು, ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ನಾನು ಅಲ್ಲಿಗೆ ಹೋಗಲು ಟೀಚರು ಫೋನಿನಲ್ಲಿ ಹೇಳಿದ ಒಂದು ದೂರೇ ಕಾರಣ. "ಬ್ಲೈಂಡ್ಸ್ ಹಾಕ್ಲಿಕ್ಕೆ ಅಂತ ಕರೆಸಿದ್ರೆ ಇವರು ಕಿಟಕಿ ಬಿಟ್ಟು ಗೋಡೆ ನೋಡಿ ಹೋದ್ರು!" ಎರಡು ವರ್ಷದ ಹಿಂದೆ ಅಂಗಡಿಯೊಂದರಿಂದ ಬಂದಿದ್ದ ಹುಡುಗರು ಮುಕ್ಕಾಲು ಗಂಟೆಯಲ್ಲಿ ಮೂರು ಕಿಟಕಿ ಮುಗಿಸಿದ್ದರಂತೆ. ಮೊದಲ ಮಳೆಗಾಲದಲ್ಲೇ ಒಂದು ಬ್ರಾಕೆಟ್ಟು ಗೋಡೆಯ ಕೆಂಪು ಪುಡಿಯೊಡನೆ ಕೆಳಗೆ ಬಿತ್ತು. ಎರಡನೆಯದು ಬೀಳಲಿಲ್ಲ, ತುಕ್ಕು ಹಿಡಿದು ಜಾಮ್ ಆಯಿತು. ಮೂರನೆಯದರ ಮರದ ಪಟ್ಟಿಗಳು ಉಬ್ಬಿ, ಬಾಗಿ, ಹಪ್ಪಳದ ಹಾಗಾದವು.

ಮೇಸ್ತ್ರಿ ಗೋಡೆ ನೋಡಿದ್ದು ಅದಕ್ಕೇ. ಮನೆಯ ಹಳೆಯ ಭಾಗ ಪೂರ್ತಿ ಮುರಕಲ್ಲು. ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನಲ್ಲಿ ಅದನ್ನು ಕಂಡು 1807ರ ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ. ನೆಲದಿಂದ ತೆಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ, ಇಟ್ಟಿಗೆಯಂತೆ ಕತ್ತರಿಸಿ ಕಟ್ಟುವ ಕಲ್ಲು. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದದಿಂದಲೇ ಆ ಹೆಸರು ಬಂತು. ಮೇಸ್ತ್ರಿಗೆ ಬುಕಾನನ್ ಗೊತ್ತಿಲ್ಲ, ಕಲ್ಲು ಗೊತ್ತು. ಬೆರಳ ಗೆಣ್ಣಿನಿಂದ ಗೋಡೆಯನ್ನು ಬಡಿಯುತ್ತ, ಕಿವಿ ಕೊಡುತ್ತ ಹೋದರು. "ಇಲ್ಲಿ ಕಲ್ಲು ಉಂಟು. ಇಲ್ಲಿ ಬರೀ ಗಾರೆ. ಇಲ್ಲಿ ಪೊಳ್ಳು." ಹಲಸಿನಹಣ್ಣು ಬಡಿದು ನೋಡುವವರ ಮುಖಭಾವವೇ ಅದು.

ಮುರಕಲ್ಲಿನ ಒಳಗೆ ಜೇನುಗೂಡಿನಂತೆ ತೂತುಗಳು. ಪ್ಲಾಸ್ಟಿಕ್ಕಿನ ಗಿಟ್ಟಿ ಹಿಡಿಯಬೇಕಾದರೆ ಸುತ್ತ ಗಟ್ಟಿ ಗೋಡೆ ಬೇಕು. ಇಲ್ಲಿ ಸ್ಕ್ರೂ ಬಿಗಿ ಮಾಡಿದಷ್ಟೂ ಗಿಟ್ಟಿ ಹಿಗ್ಗಿ ಸುತ್ತಲಿನ ಕಲ್ಲನ್ನೇ ಪುಡಿ ಮಾಡುತ್ತದೆ. ಡ್ರಿಲ್ಲಿನ ಹ್ಯಾಮರ್ ಹಾಕಿ ಕೊರೆದರಂತೂ ಎಂಟು ಮಿಲಿಮೀಟರಿನ ತೂತು ಹನ್ನೆರಡಾಗುತ್ತದೆ. ಮೇಸ್ತ್ರಿ ಹ್ಯಾಮರ್ ಆಫ್ ಮಾಡಿ, ನಿಧಾನಕ್ಕೆ, ಬೆಣೆಯ ದಪ್ಪಕ್ಕಿಂತ ತುಸು ಸಣ್ಣ ತೂತು ಕೊರೆಯುತ್ತಾರೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದು ಪುಡಿಯನ್ನೆಲ್ಲ ಹೊರಗೆ ಹಾಕುತ್ತಾರೆ. ಆಮೇಲೆ ಬೆಣೆಯನ್ನು ಮರದ ಕೊಡತಿಯಿಂದ ಹೊಡೆಯುತ್ತಾರೆ. ಎಷ್ಟು ಹೊಡೆಯಬೇಕು ಎಂಬುದು ಸದ್ದಿನ ಲೆಕ್ಕ. ಮೊದಲು 'ಟೊಕ್ ಟೊಕ್', ಒಳಗೆ ಹೋದಂತೆ ಸದ್ದು ಕುಗ್ಗಿ ದಪ್ಪವಾಗುತ್ತದೆ. ಆ ದಪ್ಪ ಸದ್ದಿಗೆ ಕೈ ನಿಲ್ಲುತ್ತದೆ. ಮತ್ತೊಂದು ಪೆಟ್ಟು ಬಿದ್ದರೆ ಕಲ್ಲು ಸೀಳುತ್ತದಂತೆ. ಹೊರಗೆ ಉಳಿದ ತುದಿಯನ್ನು ಗೋಡೆಯ ಮಟ್ಟಕ್ಕೆ ಕುಯ್ದು, ಸಣ್ಣ ದಾರಿ ಕೊರೆದು, ಸ್ಕ್ರೂವನ್ನು ಮರಕ್ಕೆ ಕೊಡುತ್ತಾರೆ. "ಕಲ್ಲು ಮರವನ್ನು ಹಿಡೀತದೆ, ಮರ ಸ್ಕ್ರೂವನ್ನು ಹಿಡೀತದೆ. ಸ್ಕ್ರೂವಿಗೂ ಕಲ್ಲಿಗೂ ಮಾತಿಲ್ಲ."

ಇದನ್ನು ಮಸ್ಕತ್ತಿನಲ್ಲಿ ಕಲಿತದ್ದಲ್ಲ. ಅಲ್ಲೆಲ್ಲ ಕಾಂಕ್ರೀಟು. ಕಲಿತದ್ದು ಚಿಕ್ಕಂದಿನಲ್ಲಿ, ತಂದೆಯೊಂದಿಗೆ ಮನೆಮನೆಗೆ ಮಡಲಿನ ತಟ್ಟಿ ಕಟ್ಟಲು ಹೋಗುತ್ತಿದ್ದಾಗ.

ಈ ಊರಿನ ಮೊದಲ ಬ್ಲೈಂಡ್ಸ್ ಎಂದರೆ ಆ ತಟ್ಟಿಯೇ. ತೆಂಗಿನ ಮಡಲನ್ನು ಉದ್ದಕ್ಕೆ ಸೀಳಿ, ಹಿನ್ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಗರಿಗಳನ್ನು ಹೆಣೆದು, ಪತ್ತನಾಜೆಯೊಳಗೆ ಜಗಲಿಯ ಪಡುಬದಿಗೆ ಕಟ್ಟಿ ಮುಗಿಸಬೇಕು. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಮೇ ಕೊನೆಯ ವಾರದಲ್ಲಿ ಬರುತ್ತದೆ. ಕೋಲ, ಯಕ್ಷಗಾನದ ಮೇಳಗಳೆಲ್ಲ ಅಲ್ಲಿಗೆ ನಿಲ್ಲುತ್ತವೆ, ಹಿಂದೆಯೇ ಮಳೆ. ತಟ್ಟಿ ಎರಚಲನ್ನು ತಡೆಯುತ್ತಿತ್ತು, ಗಾಳಿಯನ್ನು ಸೋಸಿ ಬಿಡುತ್ತಿತ್ತು. ಮಳೆ ಮುಗಿದ ಮೇಲೆ ಬಿಚ್ಚಿದರೆ ಬಚ್ಚಲ ಒಲೆಗೆ ಉರುವಲು. ತಟ್ಟಿಯ ಹಗ್ಗ ಕಟ್ಟಲು ಗೋಡೆಗೆ ಹೊಡೆಯುತ್ತಿದ್ದ ಗೂಟವೇ ಇಂದಿನ ಬೆಣೆಯ ಅಜ್ಜ.

ಪೇಟೆಯ ಬ್ಲೈಂಡ್ಸ್‌ಗಳ ಕತೆ ಮೇಸ್ತ್ರಿಯ ಚೀಲದಲ್ಲಿದ್ದ, ಬಟ್ಟೆಯ ತುಂಡುಗಳನ್ನು ಅಂಟಿಸಿದ ದಪ್ಪ ಕ್ಯಾಟಲಾಗಿನ ಮೊದಲ ಪುಟದಲ್ಲಿತ್ತು. ಅಡ್ಡಪಟ್ಟಿಯ ಬ್ಲೈಂಡ್ಸ್‌ಗೆ ವೆನೀಶಿಯನ್ ಎಂದು ಹೆಸರಾದರೂ ಮೂಲ ಪರ್ಶಿಯಾ ಎನ್ನುತ್ತಾರೆ. ಫ್ರೆಂಚರು ಪಟ್ಟಿಯ ಕಿಟಕಿಬಾಗಿಲನ್ನು ಇಂದಿಗೂ ಪರ್ಸಿಯೆನ್ ಎಂದೇ ಕರೆಯುವುದು. 1769ರಲ್ಲಿ ಲಂಡನ್ನಿನ ಎಡ್ವರ್ಡ್ ಬೆವನ್ ಅದಕ್ಕೆ ಪೇಟೆಂಟ್ ಪಡೆದ. 1841ರಲ್ಲಿ ನ್ಯೂ ಆರ್ಲಿಯನ್ಸಿನ ಜಾನ್ ಹ್ಯಾಂಪ್ಸನ್ ಪಟ್ಟಿಗಳನ್ನು ಬೇಕಾದ ಕೋನಕ್ಕೆ ತಿರುಗಿಸುವ ಉಪಾಯ ತಂದ. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಆ ಹೆಂಚಿನ ಮಾಡು ಕಿಟಕಿಯ ಮೇಲೆ ಎಷ್ಟು ತಗ್ಗಿ ಬರುತ್ತಿತ್ತೆಂದರೆ ಬಿಸಿಲಿಗೆ ಬೇರೆ ಮರೆ ಬೇಕಿರಲಿಲ್ಲ. ಮಾಡು ಹೋಗಿ ತಾರಸಿ ಬಂತು, ಕಡಲು ಕಾಣಲೆಂದು ಕಿಟಕಿ ಗೋಡೆಯಗಲ ಆಯಿತು. ಸಂಜೆ ನಾಲ್ಕರ ಬಿಸಿಲು ಸೋಫಾದ ಮೇಲೆ ಕುಳಿತಾಗ ಬ್ಲೈಂಡ್ಸ್‌ನವರಿಗೆ ಫೋನು ಹೋಯಿತು.

ಅಳತೆ, ಆಯ್ಕೆ, ಜೋಡಣೆಯ ಬಗ್ಗೆ ಮೇಸ್ತ್ರಿ ಹೆಚ್ಚು ಮಾತಾಡಲಿಲ್ಲ. ಉಕ್ಕಿನ ಟೇಪಿನಲ್ಲೇ ಅಳೆಯಬೇಕು. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಚೌಕಟ್ಟಿನ ಒಳಗೆ ಕೂರಿಸುವುದಾದರೆ ಮೂರರಲ್ಲಿ ಸಣ್ಣದನ್ನೇ ಬರೆದುಕೊಳ್ಳಬೇಕು. ಮೂಲೆಯಿಂದ ಮೂಲೆಗೂ ಟೇಪು ಹಿಡಿದರೆ ಹಳೆಯ ಕಿಟಕಿಗಳ ಸೊಟ್ಟ ಗೊತ್ತಾಗುತ್ತದೆ. ಕಡಲ ಕಡೆಗೆ ಅಸಲಿ ಮರದ ಪಟ್ಟಿ ಬೇಡ, ಮರದಂತೆ ಕಾಣುವ ಪಿವಿಸಿ ಆಗಬಹುದು. ಪೌಡರ್ ಕೋಟಿಂಗ್ ಆದ ಅಲ್ಯೂಮಿನಿಯಂ, ಪಾಲಿಯೆಸ್ಟರಿನ ರೋಲರ್ ಸಹ ನಡೆದೀತು. ದಪ್ಪ ಬಟ್ಟೆ ಮಾತ್ರ ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ. ಗಾಜಿಗೂ ಪರದೆಗೂ ನಡುವೆ ಗಾಳಿಯಾಡಲು ಎರಡು ಬೆರಳು ಜಾಗ. ಮಕ್ಕಳಿರುವ ಮನೆಯಲ್ಲಿ ನೇತಾಡುವ ಹಗ್ಗ ಇರಲೇಕೂಡದು, ಇದ್ದರೆ ಐದಡಿ ಮೇಲೆ ಕೊಕ್ಕೆಗೆ ಸುತ್ತಿಡಬೇಕು. ಹಗ್ಗ ಕೊರಳಿಗೆ ಸಿಕ್ಕಿ ಮಕ್ಕಳ ಜೀವ ಹೋದದ್ದುಂಟು. ಇಷ್ಟನ್ನು ಹೇಳುವಾಗ ಮಾತ್ರ ಅವರು ನನ್ನನ್ನು ನೋಡದೆ ಟೀಚರ ಮೊಮ್ಮಗಳನ್ನು ನೋಡುತ್ತಿದ್ದರು.

ಆದರೆ ಉಪ್ಪಿನ ವಿಷಯ ಬಂದರೆ ಮೇಸ್ತ್ರಿ ಕುರ್ಚಿ ಎಳೆದುಕೊಂಡು ಕುಳಿತುಬಿಡುತ್ತಾರೆ. "ಮಳೆಗೆ ಒದ್ದೆ ಆಗುವ ಕಬ್ಬಿಣ ಮೊದಲು ಹೋಗ್ತದೆ ಅಂತ ಎಲ್ಲರ ಲೆಕ್ಕ. ಅಲ್ಲ. ಮಳೆ ತಾಗದ ಕಬ್ಬಿಣ ಮೊದಲು ಹೋಗುದು." ಅಲೆಯಿಂದ ಎದ್ದ ಉಪ್ಪು ಗಾಳಿಯಲ್ಲಿ ಬಂದು ಎಲ್ಲದರ ಮೇಲೂ ಕೂರುತ್ತದೆ. ಹೊರಗಿನದನ್ನು ಮಳೆ ತೊಳೆಯುತ್ತದೆ, ಒಳಗಿನದನ್ನು ಯಾರು ತೊಳೆಯಬೇಕು? ಗಾಳಿಯ ತೇವ ಶೇಕಡ 75 ದಾಟಿತೆಂದರೆ ಅಡುಗೆಯ ಉಪ್ಪೇ ನೀರೊಡೆಯುತ್ತದೆ, ಕಡಲಿನ ಉಪ್ಪಿನಲ್ಲಿರುವ ಮೆಗ್ನೀಸಿಯಂ ಲವಣಗಳಿಗೆ ಅಷ್ಟೂ ಬೇಡ. ಹಾಗಾಗಿ ಮಾಡಿನ ಕೆಳಗಿನ ಸ್ಕ್ರೂ ಬೇಸಿಗೆಯಲ್ಲೂ ಕಣ್ಣಿಗೆ ಕಾಣದಷ್ಟು ಒದ್ದೆ. ಇದಕ್ಕೆ ಅವರು ಹೇಳುವ ಮದ್ದು ಎರಡು. ತಿಂಗಳಿಗೊಮ್ಮೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸುವುದು, ಮತ್ತು 316ರ ಸ್ಟೇನ್‌ಲೆಸ್ ಸ್ಕ್ರೂ. 304ರಲ್ಲಿ ಇಲ್ಲದ ಮಾಲಿಬ್ಡಿನಂ ಇದರಲ್ಲಿದೆ, ಉಪ್ಪಿನ ಚುಚ್ಚನ್ನು ಹೆಚ್ಚು ತಾಳುತ್ತದೆ. ಕಿಸೆಯಿಂದ ಅಯಸ್ಕಾಂತ ತೆಗೆದು ಅಂಗಡಿಯ ಹಳೆಯ ಸ್ಕ್ರೂಗೆ ಹಿಡಿದರು, ಟಕ್ ಎಂದು ಕಚ್ಚಿತು. ಹೊಳಪಿನ ಲೇಪ ಬಳಿದ ಬರೀ ಕಬ್ಬಿಣ. "ಇದು ಕಬ್ಬಿಣವನ್ನು ಹಿಡಿದು ಕೊಡ್ತದೆ. 304ಕ್ಕೂ 316ಕ್ಕೂ ವ್ಯತ್ಯಾಸ ಹೇಳುದಿಲ್ಲ. ಅದಕ್ಕೆ ಬಿಲ್ಲು ನೋಡ್ಬೇಕು, ಇಲ್ಲದಿದ್ರೆ ಒಂದು ಮಳೆಗಾಲ ನೋಡ್ಬೇಕು."

ಇಷ್ಟೆಲ್ಲ ಬಲ್ಲವರಿಗೆ ಕೆಲಸವೇನು ಸಾಲುಗಟ್ಟಿ ನಿಂತಿಲ್ಲ. ಬ್ಲೈಂಡ್ಸ್ ಮಾರಾಟವಾಗುವುದು ಚದರ ಅಡಿಯ ಲೆಕ್ಕದಲ್ಲಿ, ಫಿಟ್ಟಿಂಗ್ ಫ್ರೀ. ಫ್ರೀ ಎಂಬ ಆ ಪದದಲ್ಲೇ ಮೇಸ್ತ್ರಿಯ ಅರ್ಧ ಸಂಬಳ ಮುಳುಗಿದೆ. ಗೋಡೆ ಬಡಿದು ನೋಡಿದ ಅರ್ಧ ದಿನಕ್ಕೆ ಯಾವ ಬಿಲ್ಲಿನಲ್ಲೂ ಕಾಲಮ್ಮಿಲ್ಲ. ಟೀಚರು ಕೊಟ್ಟರು, ಅದೂ ಒಮ್ಮೆ ಸೋತವರಾದ್ದರಿಂದ. ಕಡಲ ಬದಿಯಲ್ಲಿ ಮನೆಯಿರುವವರು ದರ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿದರೆ ಸಾಕು: ನಮ್ಮ ಗೋಡೆ ಯಾವುದರದ್ದು? ನಿಮ್ಮ ಸ್ಕ್ರೂ ಯಾವುದು? ಉತ್ತರಕ್ಕೆ ತಡವರಿಸುವವರು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ.

ಮೇಸ್ತ್ರಿಯ ಸಹಾಯಕ್ಕೆ ಬಾಗಲಕೋಟೆ ಕಡೆಯ ಹುಡುಗನೊಬ್ಬ ಇದ್ದಾನೆ, ಚುರುಕು. ಬೆಣೆ ಹೊಡೆಯುವ ಸದ್ದನ್ನೂ ಹಿಡಿದಿದ್ದಾನೆ. ಊರಿಗೆ ಹೋಗಿ ಸ್ವಂತ ಅಂಗಡಿ ಇಡುವ ಆಸೆ. "ನಮ್ಮ ಕಡೆ ಕಲ್ಲು ಗಟ್ಟಿ ಐತ್ರಿ, ಅಲ್ಲಿ ಇದು ಬೇಕಾಗೂದಿಲ್ಲ" ಎಂದ. ಮೇಸ್ತ್ರಿ ನಕ್ಕರು. ಈ ಕಡೆಯಲ್ಲೂ ಎಷ್ಟು ದಿನ ಬೇಕಾದೀತು? ಟೀಚರ ಮನೆಯ ಹೊಸ ಕೋಣೆಗಳೇ ಸಿಮೆಂಟಿನ ಬ್ಲಾಕಿನವು. ಅಲ್ಲಿಗೆ ಬೇರೆ ಗಿಟ್ಟಿ, ಬೇರೆ ಕೆಲಸ, ಅರ್ಧ ಗಂಟೆಯ ಮಾತು.

ಸಂಜೆ ಬ್ಲೈಂಡ್ಸ್ ಇಳಿಸಿದಾಗ ಚಾವಡಿಯ ನೆಲದ ಮೇಲೆ ಬಿಸಿಲು ಸಣ್ಣ ಸಣ್ಣ ಗೆರೆಯಾಗಿ ಬಿತ್ತು. "ಮಡಲಿನ ತಟ್ಟಿಯಲ್ಲಿ ಹೀಗೇ ಬೀಳ್ತಿತ್ತು, ಅಲ್ಲ ಮೇಸ್ತ್ರಿ?" ಎಂದು ಟೀಚರು ಕೇಳಿದರು. "ತಟ್ಟಿಯದ್ದು ಸೊಟ್ಟ ಇರ್ತಿತ್ತು ಟೀಚರೇ" ಎನ್ನುತ್ತ ಅವರು ಜಗಲಿಗೆ ಬಂದು ಸಾಮಾನು ಕಟ್ಟತೊಡಗಿದರು. ಮೂರು ಕಿಟಕಿ, ಏಳು ಬ್ರಾಕೆಟ್ಟು, ಹದಿನಾಲ್ಕು ಬೆಣೆ ಈ ಮನೆಯ ಗೋಡೆಗೆ ಸೇರಿತ್ತು. ಡಬ್ಬ ಅಲ್ಲಾಡಿಸಿದರೆ ತಳದಲ್ಲಿ ಹತ್ತಿಪ್ಪತ್ತು ಗಡಗಡ ಎಂದವು.

ಹೊಸತು ಕೆತ್ತುವುದಿಲ್ಲವೇ ಎಂದು ಕೇಳಿದೆ. ಮೇಸ್ತ್ರಿ ಮುಚ್ಚಳ ಒತ್ತಿ ಹಾಕಿದರು.

"ಇಷ್ಟು ಸಾಕಾಗ್ತದೆ."