ಹೋಮ್, ಹಾಸ್ಟೆಲ್‌ಗಳ ಅಂಗವಿಕಲರಿಗೂ ಬೇಕು ಸಂಘ

ರಾಯದುರ್ಗ/ಮಡಕಶಿರಾ: ಈ ಭಾಗದ ಹಳ್ಳಿಗಳಿಗೆ ಅಂಗವಿಕಲರ ಸಂಘ ಹೊಸದೇನಲ್ಲ. 1969ರಲ್ಲಿ ವಿನ್ಸೆಂಟ್ ಫೆರರ್ ಅನಂತಪುರದಲ್ಲಿ ಆರಂಭಿಸಿದ ಆರ್‌ಡಿಟಿ ಸಂಸ್ಥೆ ಹಳ್ಳಿಗಳಲ್ಲಿ 'ವಿಕಲಾಂಗುಲ ಸಂಘಂ' ಕಟ್ಟಿಸಿತು. 2000ದ ನಂತರ ಸರ್ಕಾರದ 'ವೆಲುಗು' ಯೋಜನೆಯಲ್ಲೂ ಇಂಥ ಸಂಘಗಳಾದವು. ಸದರಂ ಸರ್ಟಿಫಿಕೇಟ್ ಇರಲಿ, ಪಿಂಚಣಿ ಇರಲಿ, ಒಬ್ಬರೇ ಹೋದರೆ 'ನಾಳೆ ಬಾ' ಅನ್ನುವ ಕಚೇರಿಯವರು ಹತ್ತು ಮಂದಿ ಒಟ್ಟಿಗೆ ಹೋದರೆ ಕೂರಿಸಿ ಮಾತಾಡುತ್ತಾರೆ. ಪಿಂಚಣಿಯೂ ಈಗ ಸಣ್ಣ ಮೊತ್ತವಲ್ಲ. 2024ರ ಜುಲೈನಿಂದ ಆಂಧ್ರದಲ್ಲಿ ಅದು ತಿಂಗಳಿಗೆ 6 ಸಾವಿರ ರೂ.

ಆದರೆ ಊರು ಬಿಟ್ಟು ಹೋಮ್, ಹಾಸ್ಟೆಲ್ ಸೇರಿದವರ ಕಥೆ ಬೇರೆ. ಊಟ ಎಷ್ಟೊತ್ತಿಗೆ, ಮಲಗೋದು ಯಾವಾಗ, ಮನೆಯವರು ಯಾವ ದಿನ ಬರಬೇಕು, ಕೋಣೆಯಲ್ಲಿ ಜತೆಗೆ ಯಾರಿರಬೇಕು ಎಂಬುದನ್ನೆಲ್ಲ ಸಾಮಾನ್ಯವಾಗಿ ನಡೆಸುವವರೇ ತೀರ್ಮಾನಿಸುತ್ತಾರೆ. ಒಬ್ಬರು ಕೇಳಿದರೆ 'ತಕರಾರಿನ ಆಸಾಮಿ' ಎನ್ನಿಸಿಕೊಳ್ಳುವ ಭಯ. ಜಾಗ ಹೋದರೆ ಎಲ್ಲಿಗೆ ಹೋಗೋದು? ಮನೆಯವರೂ 'ಸುಮ್ನಿರಪ್ಪಾ' ಅಂತಾರೆ.

ಇಂಗ್ಲೆಂಡಿನಲ್ಲೂ ಹೀಗೇ ಇತ್ತು. ಲಿಯೊನಾರ್ಡ್ ಚೆಷೈರ್ 1948ರಲ್ಲಿ ಆರಂಭಿಸಿದ ಲೆ ಕೋರ್ಟ್ ಹೋಮ್‌ನಲ್ಲಿ ಮಲಗುವ ಹೊತ್ತಿನಂಥ ವಿಷಯಕ್ಕೇ ನಿವಾಸಿಗಳು ಒಟ್ಟಾಗಿ ಆಡಳಿತದವರೊಡನೆ ಜಗಳಕ್ಕೆ ನಿಂತರು. ಅಲ್ಲಿದ್ದ ಪಾಲ್ ಹಂಟ್ 1972ರ ಸೆಪ್ಟೆಂಬರ್‌ನಲ್ಲಿ 'ಗಾರ್ಡಿಯನ್' ಪತ್ರಿಕೆಗೆ ಒಂದು ಪತ್ರ ಬರೆದು, ಇಂಥ ಸಂಸ್ಥೆಗಳಲ್ಲಿರುವವರು ಒಂದಾಗಬೇಕೆಂದರು. ಆ ಪತ್ರದಿಂದಲೇ ಅಂಗವಿಕಲರ ಒಂದು ಒಕ್ಕೂಟ ಹುಟ್ಟಿತು. ಚೆಷೈರ್ ಹೋಮ್‌ಗಳು 1950ರ ದಶಕದಲ್ಲೇ ಭಾರತಕ್ಕೂ ಬಂದವು, ಬೆಂಗಳೂರಿನಲ್ಲೂ ಒಂದಿದೆ. ಕಟ್ಟಡ ಬಂದಷ್ಟು ಬೇಗ ಆ ಜಗಳದ ಸುದ್ದಿ ಮಾತ್ರ ಈ ಕಡೆ ಬರಲಿಲ್ಲ!

ಈಗ ಕಾನೂನಿನ ಬಲವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಂ ಪ್ರಕಾರ, ಇಂಥಲ್ಲೇ ಇರಬೇಕೆಂಬ ಬಲವಂತ ಯಾರಿಗೂ ಆಗದಂತೆ ನೋಡಿಕೊಳ್ಳಲು ಸರ್ಕಾರ ಪ್ರಯತ್ನಿಸಬೇಕು. ಸಂಸ್ಥೆ ನಡೆಸುವವರು ನೋಂದಣಿ ಮಾಡಿಸಲೇಬೇಕು. ಹಕ್ಕಿಗೆ ಚ್ಯುತಿ ಬಂದರೆ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಆದರೆ ವಾರ್ಡನ್ ಎದುರೇ ದಿನ ಕಳೆಯಬೇಕಾದವರು ಒಂಟಿಯಾಗಿ ದೂರು ಬರೆಯೋದು ಕಷ್ಟ. ತಿಂಗಳಿಗೊಮ್ಮೆ ನಿವಾಸಿಗಳೇ ಸೇರಿ, ಮಾತಾಡಿದ್ದನ್ನು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿದರೆ ಅದು ಯಾರೊಬ್ಬರ ತಕರಾರೂ ಆಗದು. ಹಳ್ಳಿ ಸಂಘಗಳು ಮಾಡಿಕೊಂಡು ಬಂದ ಕೆಲಸವೇ ಇದು. ಮಾತು ಬಾರದವರ, ಬುದ್ಧಿಮಾಂದ್ಯರ ಇಷ್ಟಾನಿಷ್ಟಗಳನ್ನು ಸನ್ನೆಯಲ್ಲೋ ಚಿತ್ರ ತೋರಿಸಿಯೋ ಕೇಳಿ ಬರೆದುಕೊಳ್ಳಬೇಕು.

ಗಡಿಯ ಕನ್ನಡದವರಿಗೆ ಇನ್ನೊಂದು ತೊಡಕಿದೆ. ತೆಲುಗಿನಲ್ಲಿ ಅರ್ಜಿ ಬರೆಯಬಲ್ಲ ಒಬ್ಬರಾದರೂ ಗುಂಪಿನಲ್ಲಿರಬೇಕು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿನವರ ಜಿಲ್ಲಾ ಕೇಂದ್ರ ಪುಟ್ಟಪರ್ತಿ, ರಾಯದುರ್ಗದವರಿಗೆ ಮೊದಲಿನಂತೆ ಅನಂತಪುರ.